ಫೋಲ್ಡರ್ ನಮ್ಮದು, ಫೈಲ್ ಯಾರದು?

ಪ್ರಶ್ನೆ: ನಮ್ಮದು ಹನ್ನೆರಡು ಮನೆಗಳ ಅಪಾರ್ಟ್‌ಮೆಂಟ್. ಸಂಘದ ಲೆಕ್ಕ, ಮೀಟಿಂಗ್ ನಡಾವಳಿ, ಲಿಫ್ಟ್ ಮತ್ತು ಬೋರ್‌ವೆಲ್ ರಿಪೇರಿ ಬಿಲ್ಲು ಎಲ್ಲ ಹಳೆಯ ಕಾರ್ಯದರ್ಶಿಯವರ ಗೂಗಲ್ ಡ್ರೈವ್‌ನಲ್ಲಿವೆ. ಅವರು ಮನೆ ಮಾರಿ ಕೆಂಗೇರಿಗೆ ಹೋದರು. ಹೋಗುವಾಗ ‘ನಿಮ್ಮನ್ನ ಎಡಿಟರ್ ಮಾಡಿದೀನಿ, ಇನ್ನೆಲ್ಲಾ ನಿಮ್ಮದೇ’ ಅಂದಿದ್ದರು. ಮೊನ್ನೆ ಫೋನ್ ಮಾಡಿ ‘ಡ್ರೈವ್ ತುಂಬೋಗಿದೆ, ಮೇಲ್ ಬರ್ತಿಲ್ಲ, ಹಳೇದನ್ನೆಲ್ಲ ತೆಗೆದುಹಾಕ್ತೀನಿ’ ಅಂದರು. ನಾನು ಎಡಿಟರ್ ಆಗಿರುವಾಗ ಅವರು ಅಳಿಸಲು ಆಗುತ್ತದೆಯೇ?
— ಸಂಘದ ಖಜಾಂಚಿ, ಆರ್‌ಪಿಸಿ ಲೇಔಟ್

ಉತ್ತರ: ಧಾರಾಳವಾಗಿ ಆಗುತ್ತದೆ. ಮುಂದೆ ಓದುವ ಮೊದಲು ಅವರಿಗೆ ಫೋನ್ ಮಾಡಿ, ‘ಒಂದು ವಾರ ತಡೀರಿ ಸಾರ್’ ಅನ್ನಿ.

ಎಡಿಟರ್ ಎಂದರೆ ಬಾಡಿಗೆದಾರ. ಮೊಳೆ ಹೊಡೆಯಬಹುದು, ಬಣ್ಣ ಬಳಿಸಬಹುದು, ಮಾಲೀಕರು ಬೇಡ ಎನ್ನದಿದ್ದರೆ ಬೀಗದ ಕೈಯ ನಕಲು ಮಾಡಿಸಿ ನೆಂಟರಿಗೂ ಕೊಡಬಹುದು. ಕ್ರಯಪತ್ರ ಮಾತ್ರ ಅವನ ಹೆಸರಲ್ಲಿಲ್ಲ. ಇದರ ಮೇಲೆ ಡ್ರೈವ್‌ನದ್ದೇ ಒಂದು ವಿಚಿತ್ರ: ಫೋಲ್ಡರ್ ಒಬ್ಬರದು, ಅದರೊಳಗಿನ ಫೈಲ್ ಇನ್ನೊಬ್ಬರದು ಆಗಿರಬಹುದು. ಅವರ ಫೋಲ್ಡರ್‌ಗೆ ನೀವು ಏರಿಸಿದ ಬಿಲ್ಲಿಗೆ ನೀವೇ ಒಡೆಯರು, ಅದರ ಭಾರವೂ ನಿಮ್ಮ ಖಾತೆಗೇ. ಅವರು ಏರಿಸಿದ್ದೆಲ್ಲ ಅವರ ತಲೆ ಮೇಲೆ. ಉಚಿತವಾಗಿ ಸಿಗುವ 15 ಜಿಬಿಯನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ನಿಮ್ಮ ಬೋರ್‌ವೆಲ್ ಬಿಲ್ಲಿನಿಂದ ಅವರ ಮೇಲ್ ನಿಂತಿತೆಂದರೆ, ಪಾಪ, ಅವರ ಸಿಟ್ಟಿನಲ್ಲಿ ತಪ್ಪೇನಿಲ್ಲ.

ಕಂಪ್ಯೂಟರ್‌ನಲ್ಲಿ ಫೋಲ್ಡರ್ ತೆರೆದು ಪಟ್ಟಿಯ ರೂಪಕ್ಕೆ ಬದಲಿಸಿ. ಫೈಲ್ ಹೆಸರಿನ ಪಕ್ಕ ‘ಓನರ್’ ಎಂಬ ಕಾಲಂ ಇರುತ್ತದೆ. ‘ಮಿ’ ಎಂದಿರುವುದು ನಿಮ್ಮದು. ಅವರ ಹೆಸರಿದ್ದದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ಒಂದು ಭಾನುವಾರ ಅವರ ಮನೆಗೇ ಹೋಗಿ ಪಕ್ಕದಲ್ಲಿ ಕೂರಿ. ಫೋನ್‌ನಲ್ಲಿ ‘ಆ ಮೂರು ಚುಕ್ಕಿ ಒತ್ತಿ ಸಾರ್, ಅದಲ್ಲ, ಇನ್ನೊಂದು’ ಎಂದು ಹೇಳಿಕೊಡುವುದರಲ್ಲಿ ಇಬ್ಬರ ಬಿಪಿಯೂ ಏರುತ್ತದೆ. ಅವರು ‘ಶೇರ್’ ತೆರೆದು, ಹೊಸ ಒಡೆಯರ ಹೆಸರಿನ ಪಕ್ಕದ ಬಾಣ ಒತ್ತಿ, ‘ಟ್ರಾನ್ಸ್‌ಫರ್ ಓನರ್‌ಶಿಪ್’ ಆರಿಸಬೇಕು. ಆಗ ಒಂದು ಮೇಲ್ ಬರುತ್ತದೆ. ಅದರಲ್ಲಿ ಒಪ್ಪಿಗೆ ಒತ್ತುವ ತನಕ ಒಡೆತನ ಅವರದ್ದೇ. ಫೋಲ್ಡರ್ ವರ್ಗಾಯಿಸಿದ ಮಾತ್ರಕ್ಕೆ ಒಳಗಿನ ಫೈಲ್‌ಗಳು ಬರುವುದಿಲ್ಲ, ಅವನ್ನೂ ವರ್ಗಾಯಿಸಬೇಕು. ಬಹಳ ಜನ ಎಡವುವುದು ಇಲ್ಲೇ. ವರ್ಗಾವಣೆ ಆದ ಮೇಲೂ ಅವರು ಎಡಿಟರ್ ಆಗಿ ಉಳಿಯುತ್ತಾರೆ. ತೆಗೆಯುವುದು ಬಿಡುವುದು ನಿಮಗೆ ಬಿಟ್ಟದ್ದು.

ಅವರು ಅಷ್ಟೆಲ್ಲ ತಾಳ್ಮೆಯವರಲ್ಲದಿದ್ದರೆ ಇಡೀ ಫೋಲ್ಡರ್ ಡೌನ್‌ಲೋಡ್ ಮಾಡಿಕೊಂಡು ಹೊಸದಾಗಿ ಏರಿಸಿ. ಸ್ಕ್ಯಾನ್ ಮಾಡಿದ ಬಿಲ್ಲುಗಳಿಗೆ ಇದರಿಂದ ಏನೂ ನಷ್ಟವಿಲ್ಲ. ಲೆಕ್ಕದ ಶೀಟ್‌ನಲ್ಲಿ ಯಾವ ಅಂಕಿಯನ್ನು ಯಾರು ಯಾವಾಗ ತಿದ್ದಿದರು ಎಂಬ ಇತಿಹಾಸ ಮಾತ್ರ ಹೋಗುತ್ತದೆ. ಖಜಾಂಚಿಗೆ ಅದೇ ಮುಖ್ಯ ಅಲ್ಲವೇ? ಈಗಾಗಲೇ ಅಳಿಸಿಬಿಟ್ಟಿದ್ದರೂ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ. ಅಲ್ಲಿಂದ ಎತ್ತಿಕೊಡುವುದು ಅವರಿಂದಲೇ ಸಾಧ್ಯ.

ಒಂದು ಬೇಡಿಕೆ: ದಯವಿಟ್ಟು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಡಿ. ಸಂಘದ ಹೆಸರಲ್ಲೇ ಒಂದು ಖಾತೆ ತೆರೆಯಿರಿ. ನೀವೂ ನಾಳೆ ಮನೆ ಮಾರಬಹುದು.

ಪ್ರಶ್ನೆ: ಸೈಟ್ ಮಾರಲೆಂದು ಕ್ರಯಪತ್ರ, ಇ-ಖಾತಾ, ಆಧಾರ್ ಎಲ್ಲವನ್ನೂ ಒಂದು ಫೋಲ್ಡರ್‌ಗೆ ಹಾಕಿ ಬ್ರೋಕರ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸಿದ್ದೆ. ಈಗ ಯಾರ್ಯಾರೋ ಫೋನ್ ಮಾಡುತ್ತಿದ್ದಾರೆ. ಯಾರು ಯಾರು ನೋಡಿದ್ದಾರೆಂದು ತಿಳಿಯುವುದು ಹೇಗೆ?
— ಓದುಗರು, ಹಂಪಿನಗರ

ಉತ್ತರ: ತಿಳಿಯುವುದಿಲ್ಲ. ಯಾರು ಹಂಚಿದರು, ತಿದ್ದಿದರು, ಹೆಸರು ಬದಲಿಸಿದರು ಎಂಬುದು ‘ಆ್ಯಕ್ಟಿವಿಟಿ’ಯಲ್ಲಿ ಸಿಗುತ್ತದೆ. ಬರೀ ನೋಡಿ ಹೋದವರ ಲೆಕ್ಕ ಕಂಪನಿಗಳ ವರ್ಕ್‌ಸ್ಪೇಸ್ ಖಾತೆಗಳಲ್ಲಿ ಮಾತ್ರ ಸಿಗಬಹುದು, ನಮ್ಮ ನಿಮ್ಮ ಖಾಸಗಿ ಜಿಮೇಲ್ ಖಾತೆಯಲ್ಲಿಲ್ಲ. ಗೂಗಲ್ ಡಾಕ್ಸ್ ಆಗಿದ್ದರೆ, ಲಿಂಕ್ ಹಿಡಿದು ಬಂದ ಅಪರಿಚಿತರು ಆ ಕ್ಷಣಕ್ಕೆ ಮೇಲ್ಗಡೆ ‘ಅನಾನಿಮಸ್ ಕ್ಯಾಪಿಬರಾ’ ಎಂಬಂಥ ಪ್ರಾಣಿ ರೂಪದಲ್ಲಿ ಕಾಣುತ್ತಾರೆ. ಬ್ರೋಕರ್‌ನ ಗಿರಾಕಿ ಕ್ಯಾಪಿಬರಾ ಎಂದು ಗೊತ್ತಾಗಿ ಪ್ರಯೋಜನವೇನು?

ಈಗಲೇ ಫೋಲ್ಡರ್‌ನ ಶೇರ್‌ನಲ್ಲಿ ‘ಎನಿಒನ್ ವಿತ್ ದ ಲಿಂಕ್’ ಇರುವಲ್ಲಿ ‘ರಿಸ್ಟ್ರಿಕ್ಟೆಡ್’ ಮಾಡಿ. ಒಳಗಿನ ಫೈಲ್‌ಗಳನ್ನೂ ಒಂದೊಂದಾಗಿ ತೆರೆದು ನೋಡಿ. ಯಾವುದಾದರೂ ಫೈಲಿಗೆ ಬೇರೆಯಾಗಿ ಲಿಂಕ್ ಕೊಟ್ಟಿದ್ದರೆ ಫೋಲ್ಡರ್ ಮುಚ್ಚಿದರೂ ಅದು ತೆರೆದೇ ಇರುತ್ತದೆ. ಈಗಾಗಲೇ ಇಳಿಸಿಕೊಂಡವರ ಫೋನಿನಿಂದ ವಾಪಸ್ ತರಿಸಲು ದಾರಿಯಿಲ್ಲ. ಮುಂದೆ ಕೊಡುವಾಗ ಆಸಕ್ತಿ ಇರುವವರ ಮೇಲ್ ಐಡಿಗೆ ಮಾತ್ರ ಕೊಡಿ, ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಹಾಕಿ.

ಪ್ರಶ್ನೆ: ನಮ್ಮ ಯಜಮಾನರು ಹೋಗಿ ಎಂಟು ತಿಂಗಳಾಯಿತು. ಎಲ್‌ಐಸಿ ರಸೀದಿ, ಮೊಮ್ಮಕ್ಕಳ ಫೋಟೋ ಎಲ್ಲ ಅವರ ಗೂಗಲ್ ಖಾತೆಯಲ್ಲಿವೆ. ಅದನ್ನು ನನ್ನ ಹೆಸರಿಗೆ ಮಾಡಿಸಬಹುದೇ?
— ಗೃಹಿಣಿ, ಅತ್ತಿಗುಪ್ಪೆ

ಉತ್ತರ: ಅಮ್ಮಾ, ಗೂಗಲ್‌ನಲ್ಲಿ ಪೌತಿ ಖಾತೆ ಇಲ್ಲ. ಮರಣ ಪ್ರಮಾಣಪತ್ರ ಕೊಟ್ಟು ಅರ್ಜಿ ಹಾಕಿದರೆ ಕೆಲವು ಸಂದರ್ಭಗಳಲ್ಲಿ ಒಳಗಿನ ಸಾಮಗ್ರಿ ಕೊಡುತ್ತಾರೆ, ಪಾಸ್‌ವರ್ಡ್ ಕೊಡುವುದಿಲ್ಲ. 2023ರಲ್ಲಿ ಪ್ರಕಟಿಸಿದ ನಿಯಮದಂತೆ ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಅಳಿಸಿಹಾಕಲೂಬಹುದು. ಅವರ ಫೋನ್ ಇನ್ನೂ ಮನೆಯಲ್ಲಿದ್ದು ಖಾತೆ ತೆರೆದಿದ್ದರೆ, ಮಕ್ಕಳಿಗೆ ಹೇಳಿ ಈ ವಾರವೇ ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕ್‌ಗೆ ಇಳಿಸಿಡಿ.

ಬ್ಯಾಂಕಿನ ನಾಮಿನಿಯಂಥ ವ್ಯವಸ್ಥೆಯೊಂದು 2013ರಿಂದಲೂ ಇದೆ, ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಅಂತ ಹೆಸರು. ನಾವು ಇಷ್ಟು ತಿಂಗಳು ಖಾತೆ ಮುಟ್ಟದಿದ್ದರೆ ಇಂಥವರಿಗೆ ಕೊಡಿ ಎಂದು ಹತ್ತು ಜನರವರೆಗೆ ಹೆಸರಿಸಬಹುದು. ಆದರೆ ಅದನ್ನು ಯಜಮಾನರೇ ಮಾಡಿಡಬೇಕಿತ್ತು. ನಿಮ್ಮ ಖಾತೆಗಾದರೂ ಮಗಳ ಹೆಸರು ಬರೆಸಿಡಿ.

ಇನ್ನೊಂದು, ಅವರ ಸಿಮ್‌ಗೆ ರೀಚಾರ್ಜ್ ಹಾಕುವುದನ್ನು ಸದ್ಯಕ್ಕೆ ನಿಲ್ಲಿಸಬೇಡಿ. ಆ ನಂಬರ್ ಬೇರೆಯವರ ಪಾಲಾದರೆ ಓಟಿಪಿಯೂ ಅವರಿಗೇ ಹೋಗುತ್ತದೆ.