ಎಣ್ಣೆ ಹೋಗಿದ್ದು ಎಲ್ಲಿಗೆ?



ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಊರು ಮೂಡಿಗೆರೆ ಕಡೆ. ಗಂಡ ಬಾಡಿಗೆ ಕಾರು ಓಡಿಸುತ್ತಾರೆ. ಆ ಕಾರು ಓಡಿದರೆ ಮನೆಯಲ್ಲಿ ಒಲೆ ಉರಿಯುತ್ತದೆ. ಕಾರು ತೊಳೆಯುವ ಕೆಲಸ ಅಕ್ಕನದು.

ಅಕ್ಕ ಅಕ್ಷರ ಕಲಿತರು. ಅಂಕಿಯನ್ನೂ ಕಲಿತರು. ಒಂದು ದಿನ ಗಂಡ ಬಾನೆಟ್ ಎತ್ತಿದ್ದರು. ಅಕ್ಕ ಕೇಳಿದರು, "ಈ ಪುಟ್ಟ ಡಬ್ಬಿ ಏನ್ರೀ?"

"ಅದು ಕ್ಲಚ್ ಆಯಿಲ್. ಬ್ರೇಕಿಗೂ ಅದೇ. ಎರಡಕ್ಕೂ ಒಂದೇ ಡಬ್ಬಿ."

ಡಬ್ಬಿಯ ಮೇಲೆ ಎರಡು ಗೆರೆ ಇದ್ದವು. ಮೇಲಿನದು ತುಂಬಿದ ಗೆರೆ. ಕೆಳಗಿನದು ಎಚ್ಚರಿಕೆಯ ಗೆರೆ. ಅಂದಿನಿಂದ ಅಕ್ಕ ಪ್ರತಿ ಭಾನುವಾರ ಡಬ್ಬಿ ನೋಡುತ್ತಿದ್ದರು. ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದರು. "ಎಣ್ಣೆ ಮೇಲಿನ ಗೆರೆ." ಬರೆಯುವ ಅಭ್ಯಾಸವೂ ಆಯಿತು.

ಒಂದು ಭಾನುವಾರ ಎಣ್ಣೆ ಇಳಿದಿತ್ತು. ಗಂಡ ಸ್ವಲ್ಪ ಹಾಕಿದರು. ಮುಂದಿನ ಭಾನುವಾರ ಮತ್ತೆ ಕೆಳಗಿನ ಗೆರೆಗೆ ಬಂದಿತ್ತು.

"ರೀ, ಎಣ್ಣೆ ಮತ್ತೆ ಇಳಿದಿದೆ."

"ಸ್ವಲ್ಪ ಹಾಕಿದ್ರೆ ಆಯ್ತು ಬಿಡು. ನಾಳೆ ಧರ್ಮಸ್ಥಳಕ್ಕೆ ಬಾಡಿಗೆ ಇದೆ."

"ಹಾಕೋದು ಸರಿ. ಹೋದ ವಾರ ಹಾಕಿದ್ದು ಎಲ್ಲಿಗೆ ಹೋಯ್ತು?"

ಗಂಡ ಉತ್ತರ ಕೊಡಲಿಲ್ಲ. ಅಕ್ಕ ಕಾರು ತೊಳೆಯಲು ಹೋದರು. ಚಾಲಕನ ಕಾಲಿನ ಕೆಳಗಿನ ಮ್ಯಾಟ್ ಎತ್ತಿದರು. ಅಲ್ಲಿ ಜಿಡ್ಡು ಜಿಡ್ಡು. ಕ್ಲಚ್ ಪೆಡಲಿನ ಮೇಲ್ಭಾಗವೂ ಒದ್ದೆಯಾಗಿತ್ತು. ಮಳೆ ಬಂದಿರಲಿಲ್ಲ. ನೀರೂ ಚೆಲ್ಲಿರಲಿಲ್ಲ.

ಅಕ್ಕ ಗಂಡನನ್ನು ಕರೆದು ತೋರಿಸಿದರು. ಗಂಡ ಪೆಡಲ್ ಒತ್ತಿ ನೋಡಿದರು. ಅದು ಮೆತ್ತಗೆ ಒಳಗೆ ಹೋಯಿತು.

"ಚಾರ್ಮಾಡಿ ಘಾಟಿ ಇಳಿಯಬೇಕು. ಗಾಡಿಯಲ್ಲಿ ಮಕ್ಕಳೂ ಇರ್ತಾರೆ. ಇವತ್ತೇ ತೋರಿಸಿ ಬನ್ನಿ" ಎಂದರು ಅಕ್ಕ.

"ಬಾಡಿಗೆ ಹೋಗುತ್ತಲ್ಲ?"

"ಬಾಡಿಗೆ ನಾಡಿದ್ದು ಬರುತ್ತೆ."

ಆ ದಿನ ಗ್ಯಾರೇಜಿಗೆ ರಜೆ. ಧರ್ಮಸ್ಥಳದ ಬಾಡಿಗೆ ಬೇರೆ ಕಾರಿಗೆ ಹೋಯಿತು. ಸೋಮವಾರ ಮೆಕ್ಯಾನಿಕ್ ನೋಡಿದರು. ಪೆಡಲಿನ ಹಿಂದಿನ ಸಿಲಿಂಡರಿನಲ್ಲಿ ರಬ್ಬರ್ ವಾಷರ್ ಸವೆದಿತ್ತು. ಅಲ್ಲಿಂದ ಎಣ್ಣೆ ಸೋರುತ್ತಿತ್ತು. ಅದನ್ನು ಬದಲಿಸಿದರು. ಹೊಸ ಎಣ್ಣೆ ತುಂಬಿದರು. ಕೊಳವೆಯೊಳಗಿನ ಗಾಳಿ ತೆಗೆದರು.

ಈಗ ಭಾನುವಾರ ಬಂದರೆ ಗಂಡನೇ ಕೇಳುತ್ತಾರೆ, "ಕ್ಯಾಲೆಂಡರಿನಲ್ಲಿ ಬರೆದೆಯಾ?"

ಕ್ಲಚ್ ಎಣ್ಣೆಯ ಕೆಲಸವೇನು?

ಗೇರು ಬದಲಿಸುವಾಗ ಕ್ಲಚ್ ಪೆಡಲ್ ಒತ್ತಬೇಕು. ಆಗ ಎಂಜಿನ್ನಿಗೂ ಗೇರಿಗೂ ಇರುವ ಹಿಡಿತ ಸ್ವಲ್ಪ ಹೊತ್ತು ಬಿಡುತ್ತದೆ. ಕಾಲಿನ ಒತ್ತಡವನ್ನು ಅಲ್ಲಿಗೆ ಒಯ್ಯುವುದು ಈ ಎಣ್ಣೆ. ಪಿಚಕಾರಿ ನೋಡಿದ್ದೀರಲ್ಲ? ಹಿಂದೆ ಒತ್ತಿದರೆ ಮುಂದೆ ನೀರು ನುಗ್ಗುತ್ತದೆ. ಇದೂ ಹಾಗೆಯೇ.

ಎಣ್ಣೆಯನ್ನು ಅದುಮಿದರೆ ಅದು ಕುಗ್ಗುವುದಿಲ್ಲ. ಗಾಳಿ ಕುಗ್ಗುತ್ತದೆ. ಎಣ್ಣೆ ತೀರಾ ಇಳಿದರೆ ಕೊಳವೆಗೆ ಗಾಳಿ ಸೇರುತ್ತದೆ. ಆಗ ಪೆಡಲ್ ಮೆತ್ತಗಾಗುತ್ತದೆ. ಗೇರು ಸರಿಯಾಗಿ ಬೀಳುವುದಿಲ್ಲ.

ಈ ಎಣ್ಣೆ ಪೆಟ್ರೋಲಿನಂತೆ ಉರಿದು ಖಾಲಿಯಾಗುವುದಿಲ್ಲ. ಬ್ರೇಕಿಗೂ ಅದೇ ಡಬ್ಬಿ ಇದ್ದರೆ, ಬ್ರೇಕ್ ಪ್ಯಾಡ್ ಸವೆದಂತೆ ತಿಂಗಳುಗಟ್ಟಲೆಯಲ್ಲಿ ಸ್ವಲ್ಪ ಇಳಿಯುತ್ತದೆ. ಬೇಗ ಬೇಗ ಇಳಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಕೆಲವು ಕಾರುಗಳಲ್ಲಿ ಕ್ಲಚ್ಚಿಗೆ ಎಣ್ಣೆ ಇಲ್ಲ. ತಂತಿಯ ಕೇಬಲ್ ಇರುತ್ತದೆ. ನಿಮ್ಮ ಗಾಡಿಯದು ಯಾವುದು, ಕೇಳಿ ತಿಳಿಯಿರಿ.

ನೋಡುವುದು ಹೇಗೆ?

1. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಹಾಕಿ. ಎಂಜಿನ್ ಆರಿಸಿ. ತಣ್ಣಗಾಗಲಿ.

2. ಬಾನೆಟ್ ಎತ್ತಿ. ಡಬ್ಬಿ ಹೆಚ್ಚಾಗಿ ಚಾಲಕನ ಕಡೆ, ಮುಂದಿನ ಗಾಜಿನ ಬುಡದ ಹತ್ತಿರ ಇರುತ್ತದೆ. ಮೊದಲ ಸಲ ಗೊತ್ತಿದ್ದವರಿಂದ ತೋರಿಸಿಕೊಳ್ಳಿ.

3. ಹೊರಗಿನ ಧೂಳು ಒರೆಸಿ. ಮುಚ್ಚಳ ತೆಗೆಯಬೇಡಿ. ಹೊರಗಿನಿಂದಲೇ ನೋಡಿ. ಎಣ್ಣೆ ಎರಡು ಗೆರೆಗಳ ನಡುವೆ ಇರಬೇಕು.

4. ಬಣ್ಣ ನೋಡಿ. ಹೊಸ ಎಣ್ಣೆ ತಿಳಿಯಾಗಿ, ನಸು ಹಳದಿಯಾಗಿ ಇರುತ್ತದೆ. ಕಪ್ಪಾಗಿದ್ದರೆ ಮೆಕ್ಯಾನಿಕ್‌ಗೆ ಹೇಳಿ.

5. ಪೆಡಲಿನ ಕೆಳಗೆ, ಗಾಡಿಯ ಅಡಿಗೆ, ಚಕ್ರಗಳ ಒಳಬದಿಗೆ ಜಿಡ್ಡು ಇದೆಯೇ ನೋಡಿ.

ಎಣ್ಣೆ ಹಾಕುವಾಗ

ಡಬ್ಬಿಯ ಮುಚ್ಚಳದ ಮೇಲೆ 'ಡಾಟ್ 3' ಅಥವಾ 'ಡಾಟ್ 4' ಎಂದು ಇರುತ್ತದೆ. ಅಂಕಿ ಓದಿ. ಅದೇ ಅಂಕಿಯ ಎಣ್ಣೆ ತನ್ನಿ. 'ಡಾಟ್ 5' ಬೇರೆ ಜಾತಿಯ ಎಣ್ಣೆ. ಅದನ್ನು ಇವುಗಳ ಜೊತೆ ಬೆರೆಸಬಾರದು. ಎಂಜಿನ್ ಆಯಿಲ್ ಹಾಕಲೇಬಾರದು. ಹಾಕಿದರೆ ರಬ್ಬರ್ ವಾಷರ್ ಉಬ್ಬಿ ಕೆಡುತ್ತದೆ.

ಈ ಎಣ್ಣೆ ಗಾಳಿಯಲ್ಲಿನ ತೇವ ಹೀರುತ್ತದೆ. ತೆರೆದಿಟ್ಟ ಉಪ್ಪು ಮಳೆಗಾಲದಲ್ಲಿ ನೀರಾಗುವುದಿಲ್ಲವೇ? ಹಾಗೆಯೇ. ಆದ್ದರಿಂದ ಹೊಸದಾಗಿ ಒಡೆದ ಡಬ್ಬದ ಎಣ್ಣೆಯನ್ನೇ ಹಾಕಿ. ಮೇಲಿನ ಗೆರೆ ದಾಟಬಾರದು. ಕೂಡಲೇ ಮುಚ್ಚಳ ಬಿಗಿ ಮಾಡಿ.

ಹೊಸ 'ಡಾಟ್ 4' ಎಣ್ಣೆ 230 ಡಿಗ್ರಿಗಿಂತ ಮೊದಲು ಕುದಿಯಬಾರದು ಎಂಬ ನಿಯಮವಿದೆ. ನೀರು ಸೇರಿದಂತೆ ಅದು ಬೇಗ ಕುದಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಬಿಸಿಯಾಗುತ್ತದೆ. ಎಣ್ಣೆ ಕುದಿದು ಗುಳ್ಳೆ ಎದ್ದರೆ ಬ್ರೇಕ್ ಹಿಡಿಯುವುದಿಲ್ಲ. ಅದಕ್ಕೇ ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಎಣ್ಣೆ ಪೂರ್ತಿ ಬದಲಿಸಬೇಕು. ಈ ಕೆಲಸ ಮೆಕ್ಯಾನಿಕ್ ಮಾಡಲಿ.

ಎಚ್ಚರ!

ಈ ಎಣ್ಣೆ ವಿಷ. ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ಇಡಬೇಡಿ. ಮಕ್ಕಳ ಕೈಗೆ ಸಿಗದಂತೆ ಇಡಿ. ಕಣ್ಣಿಗೆ ಬಿದ್ದರೆ ತುಂಬಾ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ. ಗಾಡಿಯ ಬಣ್ಣದ ಮೇಲೆ ಬಿದ್ದರೆ ಬಣ್ಣ ಕಿತ್ತುಬರುತ್ತದೆ. ಕೂಡಲೇ ನೀರು ಹಾಕಿ ತೊಳೆಯಿರಿ.

ನೆನಪಿಡೋಣ

ಎಣ್ಣೆ ಇಳಿದರೆ ಸುರಿದು ಸುಮ್ಮನಾಗಬೇಡಿ. ಹೋಗಿದ್ದು ಎಲ್ಲಿಗೆ ಎಂದು ಕೇಳಿ.

ಹೇಳಿ, ಬರೆಯಿರಿ

1. ಅಕ್ಕ ಕ್ಯಾಲೆಂಡರಿನಲ್ಲಿ ಏನು ಬರೆಯುತ್ತಿದ್ದರು? ಅದರಿಂದ ಏನು ತಿಳಿಯಿತು?

2. ಡಬ್ಬಿಯ ಮುಚ್ಚಳವನ್ನು ಏಕೆ ತೆರೆದಿಡಬಾರದು?

3. ಒಂದು ದಿನದ ಬಾಡಿಗೆ ಬಿಟ್ಟಿದ್ದು ಸರಿಯೇ? ನಿಮಗೇನು ಅನಿಸುತ್ತದೆ? ಗುಂಪಿನಲ್ಲಿ ಮಾತಾಡಿ.

4. ಬಿಟ್ಟ ಸ್ಥಳ ತುಂಬಿ: ಎಣ್ಣೆ ______ ಗೆರೆಗಳ ನಡುವೆ ಇರಬೇಕು.