‘ಸ್ಕೂಲ್’ ಎಂಬ ಶಬ್ದ

ನಾವು ದಿನವೂ ಆಡುವ ‘ಸ್ಕೂಲ್’ ಎಂಬ ಇಂಗ್ಲಿಷ್ ಶಬ್ದದ ಮೂಲವನ್ನು ವಿಚಾರಿಸೋಣ. ಇದು ಗ್ರೀಕ್ ಭಾಷೆಯ ‘ಸ್ಖೋಲೆ’ ಎಂಬುದರಿಂದ ಹುಟ್ಟಿ, ಲ್ಯಾಟಿನ್ ಭಾಷೆಯಲ್ಲಿ ‘ಸ್ಕೋಲಾ’ ಎಂದಾಗಿ, ಇಂಗ್ಲಿಷನ್ನು ಸೇರಿತು. ಗ್ರೀಕರಲ್ಲಿ ಇದಕ್ಕೆ ಮೊದಲು ‘ಬಿಡುವು’ ಎಂಬ ಅರ್ಥವಿದ್ದಿತು. ಬಿಡುವಿನಲ್ಲಿ ನಡೆಯುವ ವಿದ್ಯಾಚರ್ಚೆಗೂ, ತರುವಾಯ ಆ ಚರ್ಚೆಯ ಸ್ಥಳಕ್ಕೂ ಇದೇ ಹೆಸರಾಯಿತು. ಒಂದೇ ಸಂಪ್ರದಾಯದ ಚಿತ್ರಕಾರರನ್ನೂ ತತ್ತ್ವಜ್ಞರನ್ನೂ ‘ಸ್ಕೂಲ್’ ಎಂದು ಕರೆಯುವುದುಂಟು. ಮೀನುಗಳ ಹಿಂಡಿಗೆ ಹೇಳುವ ‘ಸ್ಕೂಲ್’ ಮಾತ್ರ ಡಚ್ ಮೂಲದ ಬೇರೊಂದು ಶಬ್ದ.

ಸಂಸ್ಕೃತದಿಂದ ಬಂದ ನಮ್ಮ ‘ಶಾಲೆ’ಯು ಮೂಲತಃ ಮನೆಯನ್ನು ಸೂಚಿಸುತ್ತದೆ, ‘ಸ್ಕೂಲ್’ ಎಂಬುದು ಕಾಲವನ್ನು ಸೂಚಿಸುತ್ತದೆ. ಆದುದರಿಂದ ಮಗಳನ್ನು ಶಾಲೆಗೆ ಸೇರಿಸಿದ ಮಾತ್ರಕ್ಕೆ ತಾಯ್ತಂದೆಗಳ ಕರ್ತವ್ಯವು ತೀರದು. ಮನೆಗೆಲಸದ ನಡುವೆ ಆಕೆಗೆ ಓದುವ ಬಿಡುವನ್ನು ಕೊಟ್ಟಲ್ಲಿ ಮಾತ್ರವೇ ಆ ಶಬ್ದವು ಸಾರ್ಥಕವಾಗುವುದು.