ಭಾರವನ್ನೆಳೆಯುವ ಲಾರಿಗಳಿಗೆ ಟೈರುಗಳ ಆಯ್ಕೆ

ಮಾಗಡಿ, ತಾವರೆಕೆರೆಗಳ ಕಡೆಯಿಂದ ಯಶವಂತಪುರದ ಮಾರುಕಟ್ಟೆಗೆ ಮಾಲನ್ನು ಸಾಗಿಸುವ ವಾಹನಗಳು ಬ್ಯಾಡರಹಳ್ಳಿಯನ್ನು ದಾಟಿ, ಸುಂಕದಕಟ್ಟೆಯ ಮೇಲೆ ಹಾದು, ಸುಮನಹಳ್ಳಿಯಲ್ಲಿ ವರ್ತುಲ ರಸ್ತೆಯನ್ನು ಸೇರುವುವು. ಸುಂಕದಕಟ್ಟೆ ಎಂಬ ಹೆಸರಿನಲ್ಲಿಯೇ ಸರಕು ಸಾಗಣೆಯ ನೆನಪು ಅಡಗಿದೆ. ಎತ್ತಿನ ಗಾಡಿಗಳು ನಡೆದ ಈ ದಾರಿಯಲ್ಲಿ ಇಂದು ಲಾರಿಗಳೂ, ಟ್ರೇಲರು ಕಟ್ಟಿದ ವಾಹನಗಳೂ ಓಡುತ್ತಿವೆ. ತೋಟದ ಕಲ್ಲುದಾರಿ, ಬೇಸಗೆಯಲ್ಲಿ ಕಾದ ಡಾಂಬರು, ನಗರದಲ್ಲಿ ಹೆಜ್ಜೆಹೆಜ್ಜೆಗೆ ನಿಂತು ಹೊರಡುವ ಸಂಚಾರ, ಈ ಮೂರನ್ನೂ ಒಂದೇ ದಿನದಲ್ಲಿ ತಾಳಬೇಕಾದುದು ಟೈರು. ಅದು ದಾರಿಯಲ್ಲಿ ಒಡೆದರೆ ಮಾಲು ಕೆಡುವುದು, ಬಾಡಿಗೆ ತಪ್ಪುವುದು. ಕೆಲವು ವೇಳೆ ಪ್ರಾಣಕ್ಕೂ ಅಪಾಯವುಂಟು. ಆದುದರಿಂದ ಅಂಗಡಿಯವನು ಹೇಳಿದ ಬೆಲೆಯೊಂದನ್ನೇ ನೋಡಿ ಟೈರನ್ನು ಕೊಳ್ಳುವುದು ಯುಕ್ತವಲ್ಲ.

1. ತೂಕದ ಲೆಕ್ಕ

ಟ್ರೇಲರನ್ನು ಎಳೆಯುವ ಲಾರಿಯು ತನ್ನ ಮೈಮೇಲಿನ ಮಾಲನ್ನಲ್ಲದೆ, ಕೊಂಡಿಯ ಮೇಲೆ ಒತ್ತುವ ತೂಕವನ್ನೂ ಹೊರುತ್ತದೆ. ಕೊಂಡಿಯು ಹಿಂದಿನ ಅಚ್ಚಿನ ಆಚೆಗೆ ಇರುವ ಕಾರಣ, ಆ ಒತ್ತಡವು ಮುಂದಿನ ಗಾಲಿಗಳನ್ನು ಹಗುರ ಮಾಡಿ ಹಿಂದಿನವುಗಳ ಹೊರೆಯನ್ನು ಹೆಚ್ಚಿಸುತ್ತದೆ. ಆದಕಾರಣ ಟ್ರೇಲರನ್ನು ಕಟ್ಟಿ, ಎಂದಿನಂತೆ ಮಾಲು ತುಂಬಿ, ಹಿಂದಿನ ಅಚ್ಚನ್ನು ಮಾತ್ರ ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗಿಸುವುದು ಮೊದಲನೆಯ ಕೆಲಸ.

ಅನಂತರ ಟೈರಿನ ಪಕ್ಕದ ಮೇಲಿನ ಅಂಕಿಗಳನ್ನು ಓದತಕ್ಕದ್ದು. ಅಲ್ಲಿ 146/143 ಎಂದಿದ್ದರೆ, ಒಂಟಿಯಾಗಿ ಹಾಕಿದಾಗ ಆ ಟೈರು 3,000 ಕಿಲೋಗ್ರಾಮನ್ನೂ, ಜೋಡಿಯಾಗಿ ಹಾಕಿದಾಗ 2,725 ಕಿಲೋಗ್ರಾಮನ್ನೂ ಹೊರಬಲ್ಲದೆಂದು ಅರ್ಥ. ಹಿಂದಿನ ಅಚ್ಚಿನಲ್ಲಿ ಇಂತಹ ನಾಲ್ಕು ಟೈರುಗಳಿದ್ದರೆ ಒಟ್ಟು 10,900 ಕಿಲೋಗ್ರಾಂ ಆಗುವುದು. 2018ರಲ್ಲಿ ಕೇಂದ್ರ ಸರ್ಕಾರವು ನಾಲ್ಕು ಟೈರುಗಳ ಒಂಟಿ ಅಚ್ಚಿನ ತೂಕದ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಆ ಪೂರ್ಣ ತೂಕಕ್ಕೆ ಒಂದೊಂದು ಟೈರಿನ ಪಾಲು 2,875 ಕಿಲೋಗ್ರಾಂ ಆಗುವುದರಿಂದ, ಮೇಲಿನ ಟೈರು ಸಾಲದು. ಜೋಡಿಯ ಅಂಕಿ 145, ಅಂದರೆ 2,900 ಕಿಲೋಗ್ರಾಂ, ಅಥವಾ ಅದಕ್ಕೂ ಮೇಲ್ಪಟ್ಟುದಾಗಿರಬೇಕು. ಕಾನೂನು ಒಪ್ಪಿದ ತೂಕವನ್ನು ಟೈರು ಒಪ್ಪಲೇಬೇಕೆಂಬ ನಿಯಮವಿಲ್ಲ. ಟೈರು ತಾಳಿದರೂ ವಾಹನದ ನೋಂದಣಿ ಪತ್ರದಲ್ಲಿ ನಮೂದಾದ ತೂಕವನ್ನು ಮೀರಕೂಡದು.

2. ರೇಡಿಯಲ್ಲೋ, ನೈಲಾನೋ

ನೈಲಾನ್ ಟೈರಿನಲ್ಲಿ ನೂಲಿನ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾಸಿರುತ್ತವೆ. ರೇಡಿಯಲ್ ಟೈರಿನಲ್ಲಿ ಉಕ್ಕಿನ ಎಳೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಸಾಗಿ, ಮೇಲ್ಮೈಯ ಕೆಳಗೆ ಉಕ್ಕಿನ ಪಟ್ಟಿಗಳಿರುತ್ತವೆ. ಫ್ರಾನ್ಸ್ ದೇಶದ ಮಿಶೆಲಿನ್ ಸಂಸ್ಥೆಯು 1946ರಲ್ಲಿ ಹಕ್ಕುಪತ್ರ ಪಡೆದ ರಚನೆಯಿದು. ರೇಡಿಯಲ್ ಟೈರು ಓಟದಲ್ಲಿ ಕಡಮೆ ಕಾಯುವುದು, ನಿಧಾನವಾಗಿ ಸವೆಯುವುದು, ಡೀಸೆಲ್ಲನ್ನೂ ಉಳಿಸುವುದು. ಆದರೆ ಅದರ ಪಕ್ಕವು ತೆಳುವಾದುದರಿಂದ ಚೂಪಾದ ಕಲ್ಲಿಗೆ ಸುಲಭವಾಗಿ ಸಿಗಿಯುವುದು. ನೈಲಾನ್ ಟೈರು ಒರಟು ದಾರಿಯನ್ನು ಹೆಚ್ಚು ಸಹಿಸುವುದು, ಬೆಲೆಯೂ ಕಡಮೆ. ಆದರೆ ದೂರದ ವೇಗದ ಓಟದಲ್ಲಿ ಬೇಗ ಕಾಯುವುದು.

ಆದುದರಿಂದ ದಿನದ ಬಹುಭಾಗ ಡಾಂಬರಿನ ಮೇಲೆ ಓಡುವ ಲಾರಿಗೆ ರೇಡಿಯಲ್ಲೂ, ಕಲ್ಲುಗಣಿ ಮತ್ತು ತೋಟದ ದಾರಿಗಳಲ್ಲಿಯೇ ತಿರುಗುವ ಲಾರಿಗೆ ನೈಲಾನೂ ಅನುಕೂಲ. ಒಂದೇ ಅಚ್ಚಿನಲ್ಲಿ ಎರಡು ಜಾತಿಯನ್ನೂ ಬೆರಸಲೇಕೂಡದು.

3. ಮುಂದಿನವು, ಹಿಂದಿನವು

ಮುಂದಿನ ಗಾಲಿಗಳು ದಾರಿಯನ್ನು ತಿರುಗಿಸತಕ್ಕವು. ಅವುಗಳಿಗೆ ಉದ್ದುದ್ದ ಗೀರುಗಳುಳ್ಳ ಟೈರು ಯೋಗ್ಯ. ಹಿಂದಿನವು ಎಳೆಯತಕ್ಕವು, ಅವುಗಳಿಗೆ ಅಡ್ಡಲಾಗಿ ದಪ್ಪ ಹಲ್ಲುಗಳುಳ್ಳ ಟೈರು ಬೇಕು. ಮುಂಗಡೆಯ ಟೈರು ಒಡೆದರೆ ಲಾರಿಯು ಚಾಲಕನ ಕೈಮೀರುವುದರಿಂದ, ರಿಟ್ರೆಡ್ ಮಾಡಿಸಿದ ಟೈರುಗಳನ್ನು ಮುಂದಕ್ಕೆ ಹಾಕದಿರುವುದು ಕ್ಷೇಮಕರ.

ಹಿಂದಿನ ಜೋಡಿ ಟೈರುಗಳು ನೊಗಕ್ಕೆ ಕಟ್ಟಿದ ಜೋಡೆತ್ತುಗಳಂತೆ. ಒಂದು ಎತ್ತರ, ಒಂದು ಗಿಡ್ಡ ಆದರೆ ಎತ್ತರದ್ದು ಹೊರೆಯನ್ನೆಲ್ಲ ಹೊತ್ತು ಕಾಯುವುದು. ಗಿಡ್ಡದ್ದು ರಸ್ತೆಯ ಮೇಲೆ ಉಜ್ಜಿ ವ್ಯರ್ಥವಾಗಿ ಸವೆಯುವುದು. ಹೊಸದೊಂದನ್ನು ಹಳೆಯದರ ಪಕ್ಕಕ್ಕೆ ಹಾಕುವ ರೂಢಿಯನ್ನು ಈ ಕಾರಣದಿಂದ ಬಿಡಬೇಕು.

4. ಟೈರಿನ ವಯಸ್ಸು

ಎತ್ತನ್ನು ಕೊಳ್ಳುವಾಗ ಹಲ್ಲು ನೋಡುವುದುಂಟು. ಟೈರಿನ ವಯಸ್ಸನ್ನು ಪಕ್ಕದ ಮೇಲೆ ಒತ್ತಿರುವ ನಾಲ್ಕು ಅಂಕಿಗಳು ತಿಳಿಸುವುವು. ಮೊದಲಿನ ಎರಡು ವಾರವನ್ನೂ, ಕೊನೆಯ ಎರಡು ವರ್ಷವನ್ನೂ ಸೂಚಿಸುವುವು. 1424 ಎಂದರೆ 2024ನೆಯ ವರ್ಷದ 14ನೆಯ ವಾರ. ಉಗ್ರಾಣದಲ್ಲಿ ಸುಮ್ಮನೆ ಇದ್ದರೂ ರಬ್ಬರು ಮುದಿಯಾಗುವುದು. ಹಲ್ಲುಗಳು ಪೂರ್ಣವಾಗಿದ್ದು ಪಕ್ಕದಲ್ಲಿ ಬಿರುಕುಗಳಿರುವ ಟೈರು ಅಗ್ಗವಾಗಿ ದೊರೆತರೂ ಲಾಭವಲ್ಲ.

5. ಗಾಳಿ

ಒಳ್ಳೆಯ ಟೈರನ್ನು ಆರಿಸಿದ ಮೇಲೂ ಅದನ್ನು ಕೆಡಿಸುವುದು ಗಾಳಿಯ ಅಲಕ್ಷ್ಯ. ಗಾಳಿ ಕಡಮೆಯಾದ ಟೈರಿನ ಪಕ್ಕವು ಸುತ್ತುಸುತ್ತಿಗೂ ಹೆಚ್ಚಾಗಿ ಬಾಗಿ ಕಾಯುವುದು. ಕಾವು ಏರಿದಂತೆ ರಬ್ಬರು ನೂಲನ್ನು ಬಿಡುವುದು. ನಿಗದಿಯಾದ ಒತ್ತಡದಲ್ಲಿ ಐದರಲ್ಲೊಂದು ಪಾಲು ಇಳಿದು ಓಡಿದ ಟೈರನ್ನು, ಪೂರ್ಣವಾಗಿ ಗಾಳಿ ಹೋದ ಟೈರಿನಂತೆಯೇ ಎಣಿಸಿ ಬಿಚ್ಚಿಸಿ ಪರೀಕ್ಷಿಸತಕ್ಕದ್ದು. ಗಾಳಿಯನ್ನು ಬೆಳಗ್ಗೆ ಹೊರಡುವ ಮೊದಲು, ಟೈರು ತಣ್ಣಗಿರುವಾಗ, ಮಾಪಕದಿಂದಲೇ ನೋಡಬೇಕು. ಕೋಲಿನಿಂದ ಬಡಿದು ಊಹಿಸುವುದು ಸಾಲದು. ಓಡಿ ಬಂದು ಬಿಸಿಯಾದ ಟೈರಿನಿಂದ ಗಾಳಿಯನ್ನು ಇಳಿಸಕೂಡದು. ಒಳಜೋಡಿಯ ಟೈರನ್ನು ಮರೆಯುವುದು ಸಾಮಾನ್ಯವಾದ ತಪ್ಪು.

ಟ್ರ್ಯಾಕ್ಟರಿನ ವಿಷಯದಲ್ಲಿ, ಉಳುಮೆಗೆ ಹಿಡಿತ ದೊರೆಯಲೆಂದು ಇಳಿಸಿದ ಗಾಳಿಯನ್ನು, ಟ್ರೇಲರು ಕಟ್ಟಿ ರಸ್ತೆಗೆ ಬರುವ ಮೊದಲು ತಯಾರಕರು ಹೇಳಿದ ಮಟ್ಟಕ್ಕೆ ಏರಿಸುವುದು ಅವಶ್ಯಕ.

6. ಒಂದು ಎಚ್ಚರಿಕೆ

ಟ್ಯೂಬುಳ್ಳ ಲಾರಿಗಾಲಿಗಳಲ್ಲಿ ಟೈರನ್ನು ಬಿಗಿಹಿಡಿಯಲು ಕಬ್ಬಿಣದ ರಿಂಗು ಇರುತ್ತದೆ. ಅದು ಸರಿಯಾಗಿ ಕೂರದಿದ್ದರೆ ಗಾಳಿ ತುಂಬುವಾಗ ಗುಂಡಿನಂತೆ ಹಾರಿ ಎದುರಿಗಿದ್ದವನನ್ನು ಕೊಲ್ಲಬಲ್ಲದು. ಗಾಲಿಯನ್ನು ಬಿಚ್ಚುವ ಮೊದಲು ಗಾಳಿಯನ್ನು ಪೂರ್ಣವಾಗಿ ತೆಗೆಯಿಸಿ, ಮತ್ತೆ ತುಂಬುವಾಗ ಗಾಲಿಯನ್ನು ಕಬ್ಬಿಣದ ಪಂಜರದಲ್ಲಿಟ್ಟು, ಎಲ್ಲರೂ ಪಕ್ಕಕ್ಕೆ ಸರಿದು ನಿಲ್ಲಬೇಕು. ಪಂಚರ್ ಅಂಗಡಿಯಲ್ಲಿ ಕೆಲಸ ಮಾಡುವವರು ಬಹುಮಟ್ಟಿಗೆ ಎಳೆಯ ಹುಡುಗರು. ಲಾರಿಯ ಯಜಮಾನರು ಅವಸರಪಡಿಸದೆ, ಈ ಕ್ರಮವನ್ನು ತಾವೇ ಕೇಳಿ ನಡೆಸಿದರೆ ಒಂದು ಜೀವವುಳಿದೀತು.

ಒಟ್ಟಿನಲ್ಲಿ, ತೂಗಿಸಿ ಕೊಳ್ಳುವುದು, ಜೋಡಿ ನೋಡಿ ಹಾಕುವುದು, ಗಾಳಿಯನ್ನು ಅಳೆದು ಹೊರಡುವುದು, ಈ ಮೂರನ್ನು ಲಾರಿಗಳುಳ್ಳ ಭೂಮಾಲಿಕರು ತಮ್ಮ ಚಾಲಕರಿಗೆ ಕಲಿಸಿ, ಗ್ರಾಮದ ಮುಖಂಡರು ಇತರರಿಗೂ ತಿಳಿಯಪಡಿಸಿದಲ್ಲಿ, ಟೈರಿಗೆಂದು ವ್ಯರ್ಥವಾಗಿ ಹೋಗುವ ಹಣವು ಹೊಲಕ್ಕೆ ಉಳಿಯುವುದು.